ಇಲ್ಲದ ಮಂಡಿನೋವು

ಟರ್ಕಿ ಅನ್ನೋ ದೇಶ ಆ ಮನೆಯೊಳಗೆ ಬಂದದ್ದು ಊಟದ ಹೊತ್ತಿಗೆ. ಬಣ್ಣದಂಗಡಿಯ ಯಜಮಾನ ಕೈ ತೊಳೆದ, ಉಗುರಿನ ಸಂದಿಯ ನೀಲಿ ಹೋಗಲಿಲ್ಲವೆಂದು ಇನ್ನೊಮ್ಮೆ ತೊಳೆದ, ತಟ್ಟೆ ಮುಂದೆ ಕೂತು ರೊಟ್ಟಿ ಮುರಿಯುತ್ತಾ ಹೇಳಿದ.

"ಜಾಸ್ತಿ ಮಾರಿದ ಅಂಗಡಿಯೋರ್ನೆಲ್ಲ ಬಣ್ಣದ ಕಂಪನಿಯೋರು ಟರ್ಕಿಗೆ ಕಳಿಸ್ತಾರಂತೆ. ಈ ಸಲ ನಮ್ಮಂಗಡಿ ಹೆಸರೂ ಬಂದಿದೆ."

"ಯಾಕೆ, ಅಲ್ಲಿ ಬಣ್ಣ ಹೊಡಿಯೋಕಾ?" ಅಂದಳು ಅವನ ತಾಯಿ. ಅವಳನ್ನು ಮನೆಯವರಿರಲಿ, ಅಂಗಡಿಗೆ ಬರುವ ಪೇಂಟರುಗಳೂ ಅಜ್ಜಿ ಅಂತಲೇ ಕರೆಯುವುದು.

"ಅಯ್ಯೋ ಇಲ್ಲಮ್ಮ, ತಿರುಗಾಡೋಕೆ. ವಿಮಾನ, ಹೋಟ್ಲು, ಊಟ ಎಲ್ಲಾ ಅವರದೇ. ಗಂಡ ಹೆಂಡ್ತಿ ಇಬ್ಬರಿಗೂ."

'ಇಬ್ಬರಿಗೂ' ಅಂದದ್ದೇ ತಡ, ಮನೆಯಾಕೆ ಒಲೆಯ ಹತ್ತಿರದಿಂದ ತಿರುಗಿದಳು. ಕೈಯಲ್ಲಿ ಚಿಮಟ ಹಾಗೇ ಇತ್ತು. ಹೆಂಚಿನ ಮೇಲಿನ ರೊಟ್ಟಿ ಕಪ್ಪಾಗಿ ಹೊಗೆ ಬಂತು. ಅವಳ ಕೈಯಲ್ಲಿ ರೊಟ್ಟಿ ಸೀದದ್ದನ್ನು ಮಗಳು ಅವತ್ತೇ ಮೊದಲು ನೋಡಿದ್ದು.

"ನಾನೂನಾ?" ಅಂದಳು.

"ನೋಡೋಣ, ಇನ್ನೂ ಏನೂ ಖಾತ್ರಿ ಇಲ್ಲ," ಅಂದ ಯಜಮಾನ. ಆದರೆ ಆಡಿದ ಮಾತು ಹಿಂದಕ್ಕೆ ಬಂದೀತೇ? ಕಾಲೇಜಿಗೆ ಹೋಗುವ ಮಗಳು ಅಷ್ಟರಲ್ಲೇ ಅಮ್ಮನ ಫೋನು ಕಸಿದುಕೊಂಡು ಟರ್ಕಿ ಭಾಷೆ ಕಲಿಸುವ ಪಾಠ ಹುಡುಕಿಯಾಗಿತ್ತು.

ಮರುದಿನದಿಂದ ಅಡುಗೆಮನೆಯಲ್ಲಿ ಅದೇ ಶುರು. ಉಪ್ಪಿನ ಡಬ್ಬಕ್ಕೆ ಫೋನು ಒರಗಿಸಿಟ್ಟು ಮನೆಯಾಕೆ ಈರುಳ್ಳಿ ಹೆಚ್ಚುತ್ತಾ ಹೇಳುವಳು, "ಮೆರ್ಹಬಾ." ಅಂದರೆ ನಮಸ್ಕಾರ. ಪಾತ್ರೆ ತಿಕ್ಕುತ್ತಾ, "ತೆಶೆಕ್ಕ್ಯುರ್ ಎದೆರಿಮ್." ಅಂದರೆ ಉಪಕಾರವಾಯಿತು. ಅಜ್ಜಿ ಬೆಳ್ಳುಳ್ಳಿ ಬಿಡಿಸುತ್ತಾ ಪಕ್ಕದಲ್ಲಿ ಕೂತಿರುವಳು.

"ಒಂದು ಉಪಕಾರಕ್ಕೆ ಇಷ್ಟುದ್ದ ಹೇಳ್ಬೇಕೇನೇ? ಹೇಳಿ ಮುಗಿಸೋ ಹೊತ್ತಿಗೆ ಉಪಕಾರ ಮಾಡ್ದೋನು ಮನೆ ಸೇರಿರ್ತಾನೆ."

"ಅತ್ತೆ, ನೀವೂ ಒಂದ್ಸಲ ಹೇಳಿ."

"ಇರೋ ನಾಕು ಹಲ್ಲೂ ಉದುರ್ಲಿ ಅಂತಲಾ?" ಅನ್ನುವಳು ಅಜ್ಜಿ. ಆಮೇಲೆ ಬಚ್ಚಲಲ್ಲಿ ಒಬ್ಬಳೇ ಇರುವಾಗ ಹೇಳಿಕೊಳ್ಳುವುದು ಹೊರಗೆ ಕೇಳಿಸುತ್ತಿತ್ತು.

ಈಗ ಹೋದ ವರ್ಷದ ಒಂದು ಊಟದ ವಿಷಯ ಹೇಳದೆ ಮುಂದಕ್ಕೆ ಹೋಗುವಂತಿಲ್ಲ. ಬಣ್ಣದ ಕಂಪನಿ ತನ್ನ ಅಂಗಡಿಯವರಿಗೆಲ್ಲ ದೊಡ್ಡ ಹೋಟೆಲಿನಲ್ಲಿ ಊಟ ಹಾಕಿಸಿತ್ತು. ಗುಂಡನೆಯ ಮೇಜು, ಬಿಳಿ ಬಟ್ಟೆ, ಒಬ್ಬೊಬ್ಬರಿಗೆ ಮೂರು ಮೂರು ಚಮಚ. ಊಟವಾದ ಮೇಲೆ ಎಲ್ಲರೂ ಹಿಂದಕ್ಕೊರಗಿ ಮಾತಾಡುತ್ತಿದ್ದರು. ಮನೆಯಾಕೆಗೆ ಎಂಜಲು ತಟ್ಟೆ ಎದುರಿಗಿಟ್ಟುಕೊಂಡು ಕೂತು ಅಭ್ಯಾಸವಿಲ್ಲ. ಎದ್ದಳು. ಮಿಕ್ಕದ್ದನ್ನೆಲ್ಲ ಒಂದು ತಟ್ಟೆಗೆ ಬಳಿದಳು, ಉಳಿದ ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸಿದಳು, ಚಮಚಗಳನ್ನು ಮೇಲಿಟ್ಟಳು, ಇಡೀ ಗೋಪುರವನ್ನು ಎದೆಗೊತ್ತಿ ಎತ್ತಿಕೊಂಡು "ಅಡುಗೆಮನೆ ಯಾವ ಕಡೆ?" ಅಂತ ಕೇಳಿದಳು. ಸರ್ವರುಗಳು ಓಡಿ ಬಂದರು. ಊರಿನ ದೊಡ್ಡ ಬಣ್ಣದಂಗಡಿಯವನ ಹೆಂಡತಿ, "ಇವರೊಬ್ರು ಬಂದ್ರೆ ಹೋಟ್ಲಿಗೆ ಒಬ್ಬ ಆಳಿನ ಖರ್ಚು ಉಳೀತು ಬಿಡಿ!" ಅಂದಳು. ಮೇಜಿಗೆ ಮೇಜೇ ನಕ್ಕಿತು.

ನಮ್ಮ ಯಜಮಾನನೂ ನಕ್ಕ. ನಗದೆ ಏನು ಮಾಡಬೇಕೆಂದು ಅವನಿಗೆ ತಿಳಿಯಲಿಲ್ಲ. ಕಿವಿ ಮಾತ್ರ ಕೆಂಡದ ಹಾಗೆ ಸುಡುತ್ತಿತ್ತು. ಮನೆಗೆ ಬಂದ ಮೇಲೂ ಒಂದು ಮಾತು ಆಡಲಿಲ್ಲ. ಹೆಂಡತಿಗೆ ಅದು ಗೊತ್ತೇ ಆಗಲಿಲ್ಲ. ಅವಳು "ಊಟ ಚೆನ್ನಾಗಿತ್ತು ಅಲ್ವಾ?" ಅಂದಿದ್ದಳು.

ಆದ್ದರಿಂದ ಕಂಪನಿಯ ಆಫೀಸರ್ ಅಂಗಡಿಗೆ ಬಂದು "ಸರ್, ಇಬ್ಬರ ಪಾಸ್‌ಪೋರ್ಟೂ ಕೊಡಿ" ಅಂದಾಗ ಯಜಮಾನನ ಕಣ್ಣ ಮುಂದೆ ಬಂದದ್ದು ಟರ್ಕಿಯಲ್ಲ, ಆ ತಟ್ಟೆಗಳ ಗೋಪುರ. ಬಣ್ಣ ಕಲಸುವ ಯಂತ್ರ ಗಡಗಡ ಅನ್ನುತ್ತಿತ್ತು. ಆ ಸದ್ದಿನ ಮರೆಯಲ್ಲಿ ಹೇಳಿಬಿಟ್ಟ.

"ನಮ್ಮೋರು ಬರಲ್ಲ. ಮಂಡಿನೋವು. ನಡಿಯೋಕೇ ಆಗಲ್ಲ ಪಾಪ."

"ಅಯ್ಯೋ, ಹೌದಾ? ಹಾಗಿದ್ರೆ ಅವರ ಟಿಕೆಟ್ಟಿನ ಬದಲು ಮಾಲು ತಗೋಬಹುದು ಸರ್. ಪ್ರೈಮರ್ ಕಳಿಸ್ಲಾ?"

"ಕಳಿಸಿ," ಅಂದ. ಅಷ್ಟೇ. ಒಂದು ಸುಳ್ಳಿಗೆ ಅಷ್ಟು ಹೊತ್ತು ಸಾಕು.

ಪ್ರೈಮರ್ ಅಂದರೆ ಬಣ್ಣಕ್ಕೆ ಮೊದಲು ಗೋಡೆಗೆ ಬಳಿಯುವ ಬಿಳಿ ದ್ರವ. ದಪ್ಪ ದಪ್ಪ ಡಬ್ಬಗಳಲ್ಲಿ ಬರುತ್ತೆ. ಬಂತು. ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಎಲ್ಲಿಡೋದು? ಮನೆಯಲ್ಲಿ. ಅಡುಗೆಮನೆಯಿಂದ ನಡುಮನೆಗೆ ಹೋಗುವ ಇಕ್ಕಟ್ಟಿನ ದಾರಿಯಲ್ಲಿ, ಗೋಡೆಗುಂಟ ಎರಡು ಸಾಲು.

"ಇದೇನ್ರೀ, ಓಡಾಡೋಕೆ ಜಾಗ ಬೇಡ್ವಾ?" ಅಂದಳು ಮನೆಯಾಕೆ.

"ಇನ್ನೊಂದು ವಾರ. ಖಾಲಿ ಆಗುತ್ತೆ."

ಅವತ್ತು ಊಟಕ್ಕೆ ಕೂತಾಗಲೇ ಇನ್ನೊಂದು ಸುಳ್ಳನ್ನೂ ಹೇಳಿ ಮುಗಿಸಿದ. ಕಂಪನಿಯವರು ರೂಲ್ಸು ಬದಲಾಯಿಸಿದ್ದಾರೆ, ಈ ವರ್ಷ ಅಂಗಡಿಗೆ ಒಬ್ಬರೇ ಅಂತೆ.

ಮಗಳು ಚಮಚ ಕೆಳಗಿಟ್ಟಳು. "ಅದು ಹೇಗಪ್ಪಾ? ಅಮ್ಮ ವೀಸಾ ಫೋಟೋ ಕೂಡ ತೆಗೆಸಿದ್ಲು!"

"ನಾನೇನೇ ಮಾಡ್ಲಿ? ಕಂಪನಿ ನನ್ನ ಮಾವಂದಾ?"

"ಕೈಗೆ ಬಂದ ತುತ್ತು ಬಾಯಿಗೆ ಬರ್ಲಿಲ್ಲ," ಅಂದಳು ಅಜ್ಜಿ. "ಅವರ ಕಂಪನಿಗೆ ಬೆಂಕಿ ಬೀಳ್ಲಿ. ಆಸೆ ತೋರಿಸಿ ಕೈ ಕೊಡೋದಾ?"

ಮನೆಯಾಕೆ ಬೇಳೆಯ ಪಾತ್ರೆಯಲ್ಲಿ ಸೌಟು ಆಡಿಸುತ್ತಾ ನಿಂತಿದ್ದಳು. ಆಮೇಲೆ ಗಂಡನ ತಟ್ಟೆಗೆ ಇನ್ನೊಂದು ಸೌಟು ಬೇಳೆ ಹಾಕಿ, "ಹೋಗ್ಲಿ ಬಿಡಿ. ನೀವಾದ್ರೂ ನೋಡ್ಕೊಂಡು ಬನ್ನಿ," ಅಂದಳು.

ಇಲ್ಲಿಗೆ ಮುಗಿಯಿತು ಅಂದುಕೊಂಡ ಯಜಮಾನ. ಮುಗಿಯುವುದೆಲ್ಲಿ ಬಂತು! ಮರುದಿನ ಊಟಕ್ಕೆ ಕೂತವನು ಎಂದಿನಂತೆ ತಲೆಯೆತ್ತದೆ "ನೀರು" ಅಂದ. ನೀರು ಬರಲಿಲ್ಲ.

"ಸು, ಲ್ಯುತ್ಫೆನ್," ಅಂದಳು ಹೆಂಡತಿ, ಚೊಂಬನ್ನು ಬೆನ್ನ ಹಿಂದೆ ಹಿಡಿದುಕೊಂಡು.

"ಏನೇ ಅದು?"

"ಸು ಅಂದ್ರೆ ನೀರು. ಲ್ಯುತ್ಫೆನ್ ಅಂದ್ರೆ ದಯವಿಟ್ಟು. ನಾನಂತೂ ಜೊತೆಗಿರಲ್ಲ. ಅಲ್ಲಿ ಬಾಯಾರಿದ್ರೆ ಯಾರನ್ನ ಕೇಳ್ತೀರಿ? ನಾನು ಕಲ್ತಿದ್ದು ದಂಡ ಆಗೋದು ಬೇಡ. ನೀವು ಕಲೀರಿ."

"ನನಗದೆಲ್ಲ ಬೇಡ. ನೀರು ಕೊಡು."

"ಕೊಡ್ಬೇಡ ಕಣೇ," ಅಂದಳು ಅಜ್ಜಿ. "ಹೇಳ್ಲಿ. ಮದುವೆಯಾದಾಗಿಂದ 'ದಯವಿಟ್ಟು' ಅಂತ ಇವನ ಬಾಯಿಂದ ಬಂದಿಲ್ಲ. ಟರ್ಕಿಯೋರಾದ್ರೂ ಬರಿಸ್ಲಿ."

ಮಗಳು ಬಿದ್ದು ಬಿದ್ದು ನಕ್ಕಳು. ಯಜಮಾನ ಹೇಳಿದ. ನೀರು ಸಿಕ್ಕಿತು. ಅರ್ಧ ಕುಡಿದು ಚೊಂಬು ಪಕ್ಕಕ್ಕಿಟ್ಟ.

ಹೀಗೆ ದಿನಾ ಪಾಠ. ಬೆಳಿಗ್ಗೆ ಚಹಾಕ್ಕೆ ಒಂದು ಮಾತು, ಮಧ್ಯಾಹ್ನ ಡಬ್ಬಿ ಕಟ್ಟಿ ಕೊಡುವಾಗ ಒಂದು, ರಾತ್ರಿ ಊಟಕ್ಕೊಂದು. ಅವನು ಬೇಡವೆಂದಷ್ಟೂ ಅವಳಿಗೆ ಹುರುಪು. ಪ್ರೈಮರ್ ಡಬ್ಬಗಳ ಮೇಲೆ ಒಂದು ಹಲಗೆ ಹಾಕಿಕೊಂಡಳು. ಈಗ ತರಕಾರಿ ಹೆಚ್ಚುವುದು ಅದರ ಮೇಲೆ, ಫೋನು ಇಡುವುದು ಅದರ ಮೇಲೆ, ಬಟ್ಟೆ ಮಡಚುವುದೂ ಅದರ ಮೇಲೆ. "ಒಳ್ಳೇದೇ ಆಯ್ತು ರೀ, ಒಂದು ಮೇಜಿನ ಹಾಗಾಯ್ತು. ಮಾರ್ಬೇಡಿ ಇದನ್ನ," ಅಂದಳು. ತನ್ನ ಟಿಕೆಟ್ಟಿನ ಮೇಲೆ ತಾನೇ ಆಲೂಗಡ್ಡೆ ಹೆಚ್ಚುತ್ತಾ ಅವನಿಗೆ ಟರ್ಕಿ ಭಾಷೆ ಕಲಿಸುತ್ತಿದ್ದಳು ಪುಣ್ಯಾತ್ಗಿತ್ತಿ. ಯಜಮಾನ ಆ ದಾರಿಯಲ್ಲಿ ಹೋಗುವಾಗೆಲ್ಲ ಗೋಡೆಯ ಕಡೆ ಮುಖ ಮಾಡುತ್ತಿದ್ದ. ಬಿಸಿತುಪ್ಪ ಬಾಯಲ್ಲಿಟ್ಟುಕೊಂಡ ಹಾಗಾಗಿತ್ತು, ಉಗುಳೋಕೂ ಆಗದು ನುಂಗೋಕೂ ಆಗದು. ಅಡುಗೆಮನೆಯ ಬಾಗಿಲಲ್ಲಿ ನಿಂತು "ಏ, ಒಂದು ವಿಷ್ಯ" ಅಂತ ಶುರು ಮಾಡಿದ್ದೂ ಉಂಟು. ಅವಳು ತಿರುಗಿ "ಏನ್ರೀ?" ಅಂದರೆ, "ಉಪ್ಪು ಕಮ್ಮಿ ಇತ್ತು" ಅಂದು ಹೊರಟುಬಿಡುತ್ತಿದ್ದ.

ಒಂದು ಸಂಜೆ ಅವಳು ಕೈ ಒರೆಸಿಕೊಳ್ಳುತ್ತಾ ಬಂದಳು. ಮುಖ ಅರಳಿತ್ತು.

"ಅತ್ತೆ, ಇದನ್ನ ಕೇಳಿ. ಅವರಲ್ಲಿ ಊಟ ಆದ್ಮೇಲೆ ಅಡುಗೆ ಮಾಡ್ದೋರಿಗೆ ಒಂದು ಮಾತು ಹೇಳ್ತಾರಂತೆ. ಎಲ್ಲೆರಿನಿಜೆ ಸಾಲಿಕ್. ಅಂದ್ರೆ, ನಿಮ್ಮ ಕೈಗೆ ಆರೋಗ್ಯ ಇರ್ಲಿ ಅಂತ."

"ಕೈಗಾ?"

"ಹೂಂ, ಮಾಡಿದ ಕೈಗೆ."

ಅಜ್ಜಿ ಬೆಳ್ಳುಳ್ಳಿ ಬಿಡಿಸುವುದನ್ನು ನಿಲ್ಲಿಸಿ ತನ್ನ ಕೈ ನೋಡಿಕೊಂಡಳು. "ನನ್ನ ಕೈಗೆ ಯಾರೂ ಹಾಗಂದಿಲ್ಲಪ್ಪ. ನಿನ್ನ ಮಾವ ಅಂತಿದ್ದದ್ದು ಒಂದೇ, ಖಾರ ಜಾಸ್ತಿ ಅಂತ. ಅದೂ ತಟ್ಟೆ ಖಾಲಿ ಆದ್ಮೇಲೆ."

"ಅಪ್ಪಾ, ಹೇಳಪ್ಪಾ, ಅಮ್ಮಂಗೆ," ಅಂದಳು ಮಗಳು.

ಯಜಮಾನ ತಟ್ಟೆಯಲ್ಲೇ ಕೈ ತೊಳೆದು ಎದ್ದ. "ನಾಲಿಗೆ ತಿರುಗಲ್ಲ," ಅಂದ.

ಹೊರಡಲು ಒಂದು ವಾರವಿತ್ತು. ಅಂಗಡಿಗೆ ರಜೆಯ ದಿನ ಮಧ್ಯಾಹ್ನ ಕಂಪನಿಯ ಆಫೀಸರ್ ನೇರ ಮನೆಗೇ ಬಂದ. ಟಿಕೆಟ್ಟು, ಕೊರಳಿಗೆ ಹಾಕುವ ಗುರುತಿನ ಚೀಟಿ, ಕಂಪನಿಯ ಚೀಲ, ಎಲ್ಲ ತಂದಿದ್ದ. ಊಟದ ಹೊತ್ತು. ಮನೆಯಾಕೆ ಬಿಡಲಿಲ್ಲ, ತಟ್ಟೆ ಹಾಕಿಯೇ ಬಿಟ್ಟಳು. ಬೇಡಬೇಡವೆಂದವನು ಎರಡು ಸಲ ಅನ್ನ ಹಾಕಿಸಿಕೊಂಡ.

ಮಗಳಿಗೆ ಸುಮ್ಮನಿರಲಾಗಲಿಲ್ಲ. "ಅಂಕಲ್, ನಮ್ಮಮ್ಮ ಟರ್ಕಿ ಮಾತು ಎಷ್ಟು ಚೆನ್ನಾಗಿ ಆಡ್ತಾಳೆ ಗೊತ್ತಾ? ಅಮ್ಮಾ, ಹೇಳಮ್ಮಾ."

"ಏ, ಸುಮ್ನಿರೇ," ಅಂದಳು ಮನೆಯಾಕೆ. ಆದರೂ ಹೇಳಿದಳು. ಒಂದಲ್ಲ, ಐದಾರು. ಆಫೀಸರ್ ಅನ್ನದ ತುತ್ತು ಕೈಯಲ್ಲೇ ಹಿಡಿದು ಬೆರಗಾಗಿ ನೋಡಿದ.

"ಅಯ್ಯೋ ಮೇಡಂ! ಇಷ್ಟೊಂದು ಕಲ್ತಿದ್ದೀರಿ, ನೀವೇ ಬರ್ತಿಲ್ವಲ್ಲ! ಹೊಟ್ಟೆ ಉರಿಯುತ್ತೆ ನೋಡಿ. ಮಂಡಿ ಈಗ ಹೇಗಿದೆ?"

"ಮಂಡಿ?"

"ಮಂಡಿನೋವು ಅಂದ್ರಲ್ಲ ಸರ್. ನಡಿಯೋಕೇ ಆಗಲ್ಲ ಅಂತ. ಅದಕ್ಕೇ ತಾನೇ ನಿಮ್ಮ ಟಿಕೆಟ್ಟಿನ ಬದಲು ಪ್ರೈಮರ್ ಕಳಿಸಿದ್ದು." ಅವನು ದಾರಿಯ ಕಡೆ ಕತ್ತು ತಿರುಗಿಸಿದ. "ಓ, ಇಲ್ಲೇ ಇಟ್ಟಿದ್ದೀರಾ ಡಬ್ಬ?"

ಅಜ್ಜಿಯ ತುತ್ತು ಬಾಯಿಯ ಹತ್ತಿರವೇ ನಿಂತಿತು. ಮಗಳು ಅಪ್ಪನ ಮುಖ ನೋಡಿದಳು. ಅಪ್ಪ ತಟ್ಟೆ ನೋಡುತ್ತಿದ್ದ. ಭೂಮಿ ಬಾಯಿಬಿಟ್ಟರೆ ಇಳಿದು ಹೋಗಲು ತಯಾರಿದ್ದ, ಆದರೆ ಅದು ಸಿಮೆಂಟಿನ ನೆಲ.

ಮನೆಯಾಕೆ ಸೌಟನ್ನು ಪಾತ್ರೆಯಲ್ಲಿಟ್ಟಳು. "ಹೌದು, ಮಂಡಿನೋವು," ಅಂದಳು. "ಹಾಗೇ ಇದೆ. ಮೆಟ್ಟಿಲು ಹತ್ತಿಳಿಯೋದೇ ಕಷ್ಟ."

"ಯಾರಿಗಾದ್ರೂ ತೋರಿಸಿದ್ರಾ?"

"ತೋರಿಸ್ಬೇಕು. ಇರಿ, ಮೊಸರು ತರ್ತೀನಿ."

ಎದ್ದಳು. ಅಡುಗೆಮನೆಗೆ ಹೊರಟಳು. ಹೊರಟವಳು ಬಲಗಾಲು ಎಳೆದಳು. ಒಂದು ಕೈಯನ್ನು ತೊಡೆಯ ಮೇಲೆ ಒತ್ತಿಕೊಂಡು, ಇನ್ನೊಂದರಲ್ಲಿ ಡಬ್ಬಗಳ ಆಸರೆ ಹಿಡಿದು, ಕುಂಟುತ್ತಾ ಹೋದಳು. ಕುಂಟುತ್ತಾ ಮೊಸರು ತಂದಳು, ಬಡಿಸಿದಳು, ಕುಂಟುತ್ತಾ ವಾಪಸ್ಸು ಹೋದಳು. ಯಜಮಾನ ಅದನ್ನು ಕಣ್ಣಾರೆ ನೋಡಿದ. ಅವನಿಗೆ ಹೋಟೆಲಿನ ಆ ರಾತ್ರಿ ಸುಟ್ಟದ್ದು ಕಿವಿ ಮಾತ್ರ. ಈಗ ಅಂಗಾಲಿನಿಂದ ನೆತ್ತಿಯವರೆಗೂ ಹತ್ತಿಕೊಂಡಿತು.

ಆಫೀಸರ್ ಹೋದ. ಬಾಗಿಲು ಹಾಕಿದ್ದೇ, ಮನೆಯಾಕೆ ನೆಟ್ಟಗೆ ನಡೆದು ಬಂದು ತಟ್ಟೆ ಎತ್ತತೊಡಗಿದಳು.

"ನಿನಗೆ ನಾಚಿಕೆ ಆಗಲ್ವೇನೋ?" ಅಂತ ಅಜ್ಜಿ ಗುಡುಗಿದಳು. "ಕಾಲು ಗಟ್ಟಿ ಇರೋಳ್ನ ಕುಂಟಿ ಮಾಡಿದ್ಯಲ್ಲೋ! ಹೆತ್ತ ಹೊಟ್ಟೆಗೆ ಬೆಂಕಿ ಇಟ್ಟೆ!"

"ಅಮ್ಮ ಡಬ್ಬಕ್ಕೆ ಸಮಾನಾನಾ ಅಪ್ಪಾ?" ಅಂದಳು ಮಗಳು, ಅಳುತ್ತಾ. "ಎಷ್ಟು ಡಬ್ಬ ಅಂತ ಮಾತಾಡ್ಕೊಂಡ್ರಿ?"

"ಏ, ಬಾಯಿ ಮುಚ್ಚೇ! ದೊಡ್ಡೋರ ವಿಷ್ಯ…"

"ಅವಳ ಬಾಯಿ ಯಾಕೆ ಮುಚ್ಚಿಸ್ತೀಯ? ನೀನು ಬಾಯಿ ಬಿಡು!" ಅಂದಳು ಅಜ್ಜಿ.

ಮನೆಯಾಕೆ ಮಾತ್ರ ಕೂಗಲಿಲ್ಲ. "ಯಾಕ್ರೀ?" ಅಂತಷ್ಟೇ ಕೇಳಿದಳು.

ಯಜಮಾನ ಗೋಡೆ ನೋಡುತ್ತಾ ಹೇಳಿದ. ಹೋಟೆಲಿನ ಊಟ, ತಟ್ಟೆ ಜೋಡಿಸಿದ್ದು, ದೊಡ್ಡಂಗಡಿಯವನ ಹೆಂಡತಿ ಅಂದದ್ದು, ಎಲ್ಲರೂ ನಕ್ಕದ್ದು.

"ನಕ್ರಾ?" ಅಂದಳು ಅವಳು. "ನನಗೆ ಗೊತ್ತೇ ಆಗ್ಲಿಲ್ಲ. ನೀವೂ ನಕ್ರಾ?"

ಅವನು ಹೂಂ ಅಂತ ತಲೆಯಾಡಿಸಿದ.

"ತಿಂದ ತಟ್ಟೆ ಎದುರಿಗೆ ಇಟ್ಕೊಂಡು ಹೇಗ್ರೀ ಕೂತಿರೋದು," ಅಂದಳು, ತನ್ನಷ್ಟಕ್ಕೆ ಅಂದುಕೊಂಡ ಹಾಗೆ. ಕೈಯಲ್ಲಿದ್ದ ತಟ್ಟೆಗಳನ್ನು ಮತ್ತೆ ಕೆಳಗಿಟ್ಟಳು. ಮೊದಲ ಸಲ ಅವು ಅಲ್ಲೇ ಉಳಿದವು. ಸಂಜೆ ಮಗಳು ತೊಳೆದಳು.

ಯಜಮಾನ ಆಫೀಸರಿಗೆ ಫೋನು ಮಾಡಿದ. ಡಬ್ಬ ವಾಪಸ್ಸು ಕೊಡ್ತೀನಿ, ಟಿಕೆಟ್ಟು ಕೊಡಿ ಅಂದ. "ವೀಸಾ ಎಲ್ಲಾ ಆಗೋಯ್ತಲ್ಲ ಸರ್, ಈಗ ಹೇಗೆ? ಮುಂದಿನ ವರ್ಷ ನೋಡೋಣ," ಅಂದ ಅವನು. "ನಾನೂ ಹೋಗಲ್ಲ" ಅಂದ ಯಜಮಾನ ಮನೆಗೆ ಬಂದು.

"ಹೋಗಿ," ಅಂದಳು ಹೆಂಡತಿ. "ನೀವು ಹೋಗದಿದ್ರೆ ನಾನೇ ಹಟ ಮಾಡಿ ನಿಲ್ಲಿಸ್ದೆ ಅಂತಾರೆ. ಮಂಡಿನೋವು ಒಂದೇ ಸಾಕು ನನಗೆ."

ಪಾಠ ನಿಂತಿತು. ನೀರು ಕೇಳದೆಯೇ ಬರುತ್ತಿತ್ತು. ಅಡುಗೆ ಹೊತ್ತಿಗೆ ಸರಿಯಾಗಿ ಆಗುತ್ತಿತ್ತು, ಉಪ್ಪು ಖಾರ ಹದವಾಗಿರುತ್ತಿತ್ತು, ಊಟ ಮಾತ್ರ ಮೌನ. ಅವಳು ಡಬ್ಬಗಳ ಮೇಲಿನ ಹಲಗೆ ತೆಗೆದು, ಮತ್ತೆ ನೆಲದ ಮೇಲೆ ಕೂತು ತರಕಾರಿ ಹೆಚ್ಚತೊಡಗಿದಳು. ಪೇಂಟರೊಬ್ಬ ಪ್ರೈಮರ್ ಕೇಳಿದಾಗ ಯಜಮಾನ ಓಡಿ ಬಂದು ಡಬ್ಬ ಎತ್ತಲು ನೋಡಿದ. ಅಜ್ಜಿ ಅಡ್ಡ ನಿಂತಳು. "ಮುಟ್ಟಬೇಡ. ಅದು ಅವಳದ್ದು. ನೀನು ಬೇರೆ ಕಡೆಯಿಂದ ತಂದು ಕೊಡು."

ಹೊರಡುವ ಹಿಂದಿನ ದಿನ ಊಟ ಮುಗಿಸಿ ಯಜಮಾನ ಏಳಲಿಲ್ಲ. ಎಂಜಲು ಕೈಯಲ್ಲೇ ಕೂತು, ತಲೆ ತಗ್ಗಿಸಿ ಹೇಳಿದ, "ಎಲ್ಲೆರಿನಿಜೆ ಸಾಲಿಕ್." ಒಂದಕ್ಷರ ತಪ್ಪಲಿಲ್ಲ. ಅಂಗಡಿಯಲ್ಲಿ ಬಣ್ಣದ ಯಂತ್ರದ ಪಕ್ಕ ನಿಂತು ಅಭ್ಯಾಸ ಮಾಡಿದ್ದಿರಬೇಕು.

ಮನೆಯಾಕೆ ಪಾತ್ರೆಗೆ ಮುಚ್ಚಳ ಮುಚ್ಚಿದಳು. "ಅದು ಅಲ್ಲಿನೋರಿಗೆ ಹೇಳೋ ಮಾತು. ನನಗೆ ಹೇಳೋದಿದ್ರೆ ನಮ್ಮ ಮಾತಲ್ಲಿ ಹೇಳಿ."

ಅವನು ಬಾಯಿ ತೆರೆದ. ಟರ್ಕಿಯದ್ದು ಸಲೀಸಾಗಿ ಬಂದಿತ್ತು. ನಮ್ಮದು ಬರಲಿಲ್ಲ. ಅವಳು ಸ್ವಲ್ಪ ಹೊತ್ತು ಕಾದಳು, ಆಮೇಲೆ ದೀಪ ಆರಿಸಿ ಒಳಗೆ ಹೋದಳು.

ಮರುದಿನ ಬೆಳಿಗ್ಗೆ ಕಂಪನಿಯ ವ್ಯಾನು ಮನೆ ಬಾಗಿಲಿಗೇ ಬಂತು. ಒಳಗೆ ಬೇರೆ ಬೇರೆ ಅಂಗಡಿಯವರು, ಪಕ್ಕದಲ್ಲಿ ಅವರವರ ಹೆಂಡಂದಿರು, ಹೊಸ ಸ್ವೆಟರು, ಹೊಸ ಬೂಟು. ಮುಂದಿನ ಸೀಟಿನಿಂದ ಆಫೀಸರ್ ಇಳಿದ. ಯಜಮಾನ ಪೆಟ್ಟಿಗೆ ಹಿಡಿದು ತಾಯಿಗೆ "ಬರ್ತೀನಮ್ಮ" ಅಂದ. ಅಜ್ಜಿ "ಹೂಂ" ಅಂದಳು, ಅಷ್ಟೇ. ಮಗಳು ಅಷ್ಟೂ ಅನ್ನಲಿಲ್ಲ. ಹೆಂಡತಿ ಒಳಗೇ ಇದ್ದಳು.

ಒಳಗೇ ಇರಲಿ, ಹೊರಗೆ ಬರದಿರಲಿ ಅಂತ ಅವನು ಮನಸ್ಸಿನಲ್ಲೇ ಬೇಡಿಕೊಂಡ. ವ್ಯಾನು ಹತ್ತಿ ಕಿಟಕಿಯ ಹತ್ತಿರ ಕೂತ. ಆಗ ಅವಳು ಬಂದಳು. ಕೈಯಲ್ಲಿ ದಾರಿಗೆಂದು ಕಟ್ಟಿದ ರೊಟ್ಟಿಯ ಪೊಟ್ಟಣ. ಬಾಗಿಲಲ್ಲಿ ಆಫೀಸರನ್ನು ನೋಡಿದಳು. ಗೋಡೆ ಹಿಡಿದಳು. ಬಲಗಾಲು ಎಳೆಯುತ್ತಾ ಒಂದೊಂದೇ ಮೆಟ್ಟಿಲು ಇಳಿದಳು.

"ಯಾಕೆ ಮೇಡಂ ಇಳಿಯೋಕೆ ಹೋದ್ರಿ, ನಾನೇ ಬರ್ತಿದ್ನಲ್ಲ!"

"ಪರವಾಗಿಲ್ಲ. ಇವತ್ತು ನೋವು ಸ್ವಲ್ಪ ಕಮ್ಮಿ ಇದೆ." ಕಿಟಕಿಯಿಂದ ಪೊಟ್ಟಣ ಕೊಟ್ಟಳು. ಗಂಡನ ಮುಖ ನೋಡಲಿಲ್ಲ. ವ್ಯಾನಿನವರಿಗೆಲ್ಲ ಸೇರಿಸಿ, "ಗ್ಯುಲೆ ಗ್ಯುಲೆ," ಅಂದಳು. "ಉಳಿಯೋರು ಹೋಗೋರಿಗೆ ಹೀಗಂತಾರಂತೆ ಅಲ್ಲಿ. ನಗ್ತಾ ನಗ್ತಾ ಹೋಗ್ಬನ್ನಿ ಅಂತ."

ಎಲ್ಲರೂ ಚಪ್ಪಾಳೆ ತಟ್ಟಿದರು. ಹೋಗುವವರು ಅದಕ್ಕೆ ಉತ್ತರವಾಗಿ ಹೇಳುವ ಮಾತೂ ಒಂದಿತ್ತು, ಅವಳೇ ಕಲಿಸಿದ್ದಳು. ಯಜಮಾನನಿಗೆ ಅದು ನೆನಪಿತ್ತು. ಹೇಳಲು ಯಾವ ಮುಖವಿತ್ತು? ರೊಟ್ಟಿ ಇನ್ನೂ ಬಿಸಿಯಾಗಿತ್ತು. ವ್ಯಾನು ಹೊರಟಿತು.

"ಪಾಪ ಕಣ್ರೀ," ಅಂದಳು ಹಿಂದಿನ ಸೀಟಿನಿಂದ ದೊಡ್ಡಂಗಡಿಯವನ ಹೆಂಡತಿ. "ಅಷ್ಟು ನೋವಿಟ್ಕೊಂಡು ಇಳಿದು ಬಂದ್ರಲ್ಲ. ಅವರ ಮಂಡಿ ಯಾವಾಗಿಂದ ಹೀಗೆ?"

ಯಜಮಾನ ಪೊಟ್ಟಣವನ್ನು ತೊಡೆಯ ಮೇಲೆ ಗಟ್ಟಿಯಾಗಿ ಹಿಡಿದ. ಹಿಂದಿನ ದಿನ ಬಾರದ ಮಾತು ಈಗ ಬಂತು, ಅದೂ ಎಲ್ಲರಿಗೂ ಕೇಳಿಸುವ ಹಾಗೆ.

"ಅವಳ ಮಂಡಿಗೆ ಏನೂ ಆಗಿಲ್ಲ. ಅವಳಿಗೆ ಬರೋಕೆ ಆಸೆ ಇತ್ತು. ನಾನೇ ಬೇಡ ಅಂದಿದ್ದು. ನಿಮ್ಮ ಜೊತೆ ಅವಳನ್ನ ಕೂರಿಸ್ಕೊಳ್ಳೋಕೆ ನನಗೆ ನಾಚಿಕೆ ಆಯ್ತು. ಮಂಡಿನೋವು ಅಂತ ಸುಳ್ಳು ಹೇಳ್ದೆ. ನನ್ನ ಮರ್ಯಾದೆ ಉಳಿಸೋಕೆ ಅವಳು ಕುಂಟ್ತಾ ಇದ್ದಾಳೆ."

ಮುಂದಿನ ಸೀಟಿನಲ್ಲಿ ಆಫೀಸರ್ ತಿರುಗಿ ನೋಡಿ ಮತ್ತೆ ರಸ್ತೆಯ ಕಡೆ ಮುಖ ಮಾಡಿದ. ಯಜಮಾನ ಕಿಟಕಿಯಿಂದ ತಲೆ ಹೊರಗೆ ಹಾಕಿ ಹಿಂದಕ್ಕೆ ನೋಡಿದ.

ಇಲ್ಲಿ ಆಡಿದ ಮಾತು ಅಲ್ಲಿಗೆ ಹೇಗೆ ಮುಟ್ಟೀತು? ವ್ಯಾನಿನಿಂದ ಯಾರಾದರೂ ನೋಡುತ್ತಿರಬಹುದೆಂದು ಅವಳು ಗೋಡೆ ಹಿಡಿದುಕೊಂಡು ಮೆಟ್ಟಿಲು ಹತ್ತುತ್ತಿದ್ದಳು, ಇನ್ನೂ ಕುಂಟುತ್ತಾ.